ಹನ್ನೊಂದು ಗೆಲುವುಗಳ ಲೆಕ್ಕ

ಒಬ್ಬನು ಒಂದು ನಾಣ್ಯವನ್ನು ಹನ್ನೊಂದು ಬಾರಿ ಮೇಲಕ್ಕೆ ಚಿಮ್ಮಿದನೆಂದೂ ಹನ್ನೊಂದು ಬಾರಿಯೂ ಅದು ಒಂದೇ ಮಗ್ಗುಲಾಗಿ ಬಿದ್ದಿತೆಂದೂ ಭಾವಿಸೋಣ. ಸುತ್ತಲೂ ನಿಂತು ನೋಡುತ್ತಿದ್ದವರಲ್ಲಿ ಒಬ್ಬನು “ಇದು ಅದೃಷ್ಟ” ಎನ್ನುವನು. ಇನ್ನೊಬ್ಬನು “ಅಲ್ಲ, ಇದು ಅವನ ಕೈಚಳಕ” ಎನ್ನುವನು. ಮೂರನೆಯವನು ಏನನ್ನೂ ಹೇಳದೆ ನಾಣ್ಯವನ್ನು ಕೈಗೆ ತೆಗೆದುಕೊಂಡು, ಅದರಲ್ಲಿಯೇ ಏನಾದರೂ ದೋಷವಿದೆಯೋ ಎಂದು ತಿರುಗಿಸಿ ನೋಡುವನು. ಮೂವರಲ್ಲಿ ಯಾರು ಸರಿ? ಮಾತಿನಿಂದ ಇದು ತೀರ್ಮಾನವಾಗುವ ವಿಷಯವಲ್ಲ. ಸಮವಾದ ನಾಣ್ಯವು ಹನ್ನೊಂದು ಬಾರಿಯೂ ನಾವು ಮೊದಲೇ ಹೆಸರಿಸಿದ ಮಗ್ಗುಲಾಗಿ ಬೀಳುವ ಸಂಭವ 2,048ರಲ್ಲಿ ಒಂದು ಮಾತ್ರ. ಇಂಥ ಲೆಕ್ಕದಿಂದಲೇ ವಿಚಾರ ಆರಂಭವಾಗಬೇಕು.

1945ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇಂಥದೇ ಒಂದು ಪ್ರಸಂಗ ನಡೆಯಿತು. ಅಲ್ಲಿ ಚಿಮ್ಮಿದ್ದು ನಾಣ್ಯವಲ್ಲ, ಗಾಲ್ಫ್ ಚೆಂಡು. ಆ ವರ್ಷದ ವೃತ್ತಿ ಆಟಗಾರರ ಪಂದ್ಯಾವಳಿಗಳಲ್ಲಿ ಬೈರನ್ ನೆಲ್ಸನ್ ಎಂಬ ಟೆಕ್ಸಾಸ್ ಪ್ರಾಂತದ ಆಟಗಾರನು ಒಂದಾದ ಮೇಲೊಂದರಂತೆ ಹನ್ನೊಂದನ್ನು ಗೆದ್ದನು. ವರ್ಷ ಮುಗಿಯುವ ಹೊತ್ತಿಗೆ ಅವನ ಗೆಲುವುಗಳ ಮೊತ್ತ ಹದಿನೆಂಟಾಗಿತ್ತು. ಅದಾದ ಮೇಲೆ ಎಷ್ಟೋ ಮಂದಿ ಸಮರ್ಥರು ಬಂದುಹೋದರು. ಬೆನ್ ಹೋಗನ್ 1948ರಲ್ಲಿ ಆರನ್ನು ಸತತವಾಗಿ ಗೆದ್ದನು. ಟೈಗರ್ ವುಡ್ಸ್ 2006–07ರಲ್ಲಿ ಏಳರವರೆಗೆ ಹೋದನು. ಹನ್ನೊಂದನ್ನು ಮುಟ್ಟಿದವರು ಯಾರೂ ಇಲ್ಲ.

ಇದು ಅದೃಷ್ಟವೇ? ಕುಶಲತೆಯೇ? ಅಥವಾ ಯುದ್ಧಕಾಲವಾದುದರಿಂದ ಎದುರಾಳಿಗಳು ದುರ್ಬಲರಾಗಿದ್ದು, ನಾಣ್ಯದಲ್ಲಿಯೇ ದೋಷವಿದ್ದಿತೆ? ಈ ಮೂರು ಪ್ರಶ್ನೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ ನೋಡುವುದೇ ಈ ಲೇಖನದ ಉದ್ದೇಶ.

ಆಟದ ಪರಿಚಯ

ಗಾಲ್ಫ್ ಆಟವನ್ನು ಕಣ್ಣಾರೆ ಕಾಣದ ವಾಚಕರಿಗಾಗಿ ಎರಡು ಮಾತು. ವಿಶಾಲವಾದ ಹುಲ್ಲುಗಾವಲಿನಲ್ಲಿ ಹದಿನೆಂಟು ಕುಳಿಗಳಿರುತ್ತವೆ. ಪ್ರತಿಯೊಂದು ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಆಟಗಾರನು ನೂರಾರು ಗಜಗಳ ದೂರದಿಂದ ಒಂದು ಸಣ್ಣ ಚೆಂಡನ್ನು ದಾಂಡಿನಿಂದ ಹೊಡೆಯುತ್ತಾ ಹೋಗಿ ಕೊನೆಗೆ ಆ ಕುಳಿಯೊಳಗೆ ಬೀಳಿಸಬೇಕು. ಯಾರು ಕಡಮೆ ಹೊಡೆತಗಳಲ್ಲಿ ಮುಗಿಸುವರೋ ಅವರು ಗೆದ್ದಂತೆ. ಹದಿನೆಂಟು ಕುಳಿಗಳನ್ನೂ ಮುಗಿಸಿದರೆ ಒಂದು ಸುತ್ತು. ಒಳ್ಳೆಯ ಆಟಗಾರನಿಗೆ ಒಂದು ಸುತ್ತಿಗೆ ಸುಮಾರು 70 ರಿಂದ 72 ಹೊಡೆತಗಳು ಬೇಕಾಗುತ್ತವೆ. ವೃತ್ತಿ ಆಟಗಾರರ ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸುತ್ತುಗಳನ್ನು ಆಡಿ, ಒಟ್ಟು ಹೊಡೆತಗಳನ್ನು ಎಣಿಸುತ್ತಾರೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕುಸ್ತಿಯಲ್ಲಿಯೂ ಚದುರಂಗದಲ್ಲಿಯೂ ಎದುರಿಗೆ ಒಬ್ಬನೇ ಇರುತ್ತಾನೆ. ಗಾಲ್ಫ್ ಪಂದ್ಯಾವಳಿಯಲ್ಲಿ ಅರವತ್ತು, ಎಪ್ಪತ್ತು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಸ್ಪರ್ಧಿಸುತ್ತಾರೆ. ಅವರೆಲ್ಲರನ್ನೂ ಒಂದೇ ವಾರದಲ್ಲಿ ಹಿಂದಕ್ಕೆ ಹಾಕಿದವನಿಗೆ ಮಾತ್ರ ಗೆಲುವು. ಆದುದರಿಂದ ಈ ಆಟದಲ್ಲಿ ಅತ್ಯಂತ ಶ್ರೇಷ್ಠನಾದವನೂ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು.

ಯುದ್ಧಕಾಲದ ಋತು

ನೆಲ್ಸನ್ ಹುಟ್ಟಿದ್ದು 1912ರ ಫೆಬ್ರವರಿ 4ರಂದು. ಬಾಲ್ಯದಲ್ಲಿ ಫೋರ್ಟ್ ವರ್ತ್ ನಗರದ ಗ್ಲೆನ್ ಗಾರ್ಡನ್ ಕ್ಲಬ್ಬಿನಲ್ಲಿ ಇತರರ ದಾಂಡುಗಳ ಚೀಲವನ್ನು ಹೊರುವ ಕ್ಯಾಡಿಯಾಗಿದ್ದನು. ಅದೇ ಕ್ಲಬ್ಬಿನಲ್ಲಿ ಅದೇ ಕೆಲಸವನ್ನು ಮಾಡುತ್ತಿದ್ದ, ಅದೇ ವರ್ಷ ಹುಟ್ಟಿದ ಇನ್ನೊಬ್ಬ ಹುಡುಗನೇ ಬೆನ್ ಹೋಗನ್. 1927ರ ಕ್ರಿಸ್‌ಮಸ್ ಸಮಯದಲ್ಲಿ ನಡೆದ ಕ್ಯಾಡಿಗಳ ಪಂದ್ಯದಲ್ಲಿ ಈ ಇಬ್ಬರು ಸಮಸಮವಾಗಿ ನಿಂತು, ಮರುಪಂದ್ಯದಲ್ಲಿ ನೆಲ್ಸನ್ ಒಂದೇ ಹೊಡೆತದ ಅಂತರದಿಂದ ಗೆದ್ದನು. ಇವರ ಮೂರನೆಯ ಸಮಕಾಲೀನನಾದ ಸ್ಯಾಮ್ ಸ್ನೀಡನೂ 1912ರಲ್ಲಿಯೇ ಹುಟ್ಟಿದವನು.

1941ರ ಕೊನೆಯಲ್ಲಿ ಅಮೆರಿಕಾ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಮರುವರ್ಷ ಮಲಯಾ ಮತ್ತು ಡಚ್ಚರ ಈಸ್ಟ್ ಇಂಡೀಸ್ ದ್ವೀಪಗಳು ಜಪಾನಿನ ವಶವಾದುವು. ಪ್ರಪಂಚದ ಸಹಜ ರಬ್ಬರಿನ ಬಹುಪಾಲು ಬರುತ್ತಿದ್ದುದು ಆ ನಾಡುಗಳಿಂದಲೇ. ಆ ಕಾಲದ ಗಾಲ್ಫ್ ಚೆಂಡೆಂದರೆ ರಬ್ಬರಿನ ನೂಲನ್ನು ಬಿಗಿಯಾಗಿ ಸುತ್ತಿ ಮೇಲೆ ಹೊದಿಕೆ ಹಾಕಿದ ಉಂಡೆ. ವಿಮಾನದ ಚಕ್ರಕ್ಕೇ ರಬ್ಬರಿಲ್ಲದಿರುವಾಗ ಆಟದ ಚೆಂಡಿಗೆ ಕೊಡುವವರಾರು? ಹೊಸ ಚೆಂಡುಗಳ ತಯಾರಿಕೆ ನಿಂತಿತು. ಹಳೆಯ ಚೆಂಡುಗಳನ್ನು ಆಯ್ದು ತಂದು, ಹೊದಿಕೆಯನ್ನು ಬದಲಾಯಿಸಿ ಮತ್ತೆ ಆಡುವ ಕಾಲ ಬಂದಿತು. ರಾಷ್ಟ್ರೀಯ ಓಪನ್ ಪಂದ್ಯಾವಳಿ 1942ರಿಂದ 1945ರವರೆಗೆ ನಡೆಯಲಿಲ್ಲ. ಆಗಸ್ಟಾ ನಗರದ ಪ್ರಸಿದ್ಧ ಮಾಸ್ಟರ್ಸ್ ಪಂದ್ಯಾವಳಿಯೂ 1943ರಿಂದ ಮೂರು ವರ್ಷ ನಿಂತುಹೋಗಿ, ಅದರ ಬಯಲಿನಲ್ಲಿ ದನಗಳನ್ನು ಮೇಯಿಸಿದರು.

ಹೋಗನ್ ವಿಮಾನದಳಕ್ಕೂ ಸ್ನೀಡ್ ನೌಕಾದಳಕ್ಕೂ ಸೇರಿದರು. ನೆಲ್ಸನ್ನನನ್ನು ಪರೀಕ್ಷಿಸಿದ ಸೇನೆಯ ವೈದ್ಯರು ಅವನ ರಕ್ತವು ಹೆಪ್ಪುಗಟ್ಟುವುದು ಬಹಳ ನಿಧಾನವೆಂದು ಕಂಡು, ಸಣ್ಣ ಗಾಯವೂ ಅಪಾಯವಾದೀತೆಂದು ಅವನನ್ನು ಸೇನೆಗೆ ತೆಗೆದುಕೊಳ್ಳಲಿಲ್ಲ. ಅವನು ತನ್ನ ಗೆಳೆಯ ಹೆರಾಲ್ಡ್ ಮ್ಯಾಕ್‌ಸ್ಪೇಡನನೊಡನೆ ಊರೂರು ಸುತ್ತಿ ಯುದ್ಧನಿಧಿಗಾಗಿ ಪ್ರದರ್ಶನ ಪಂದ್ಯಗಳನ್ನಾಡಿದನು. 1945ರ ಹೊತ್ತಿಗೆ ಪಂದ್ಯಾವಳಿಗಳು ಮತ್ತೆ ಚೇತರಿಸಿಕೊಂಡಿದ್ದುವು. ಬಹುಮಾನವನ್ನು ಮಾತ್ರ ನಗದಾಗಿ ಕೊಡದೆ ಬಹುಮಟ್ಟಿಗೆ ಸರ್ಕಾರದ ಯುದ್ಧ ಸಾಲಪತ್ರಗಳಾಗಿ ಕೊಡುತ್ತಿದ್ದರು.

ಮಾರ್ಚಿಯಿಂದ ಆಗಸ್ಟಿನವರೆಗೆ

ವರ್ಷದ ಮೊದಲೆರಡು ತಿಂಗಳಲ್ಲಿಯೇ ಫೀನಿಕ್ಸ್, ಕಾರ್ಪಸ್ ಕ್ರಿಸ್ಟಿ, ನ್ಯೂ ಆರ್ಲಿಯನ್ಸ್ ಈ ಮೂರು ಕಡೆ ನೆಲ್ಸನ್ ಗೆದ್ದಿದ್ದನು. ಪ್ರಸಿದ್ಧವಾದ ಸರಣಿ ಆರಂಭವಾದದ್ದು ಮಾರ್ಚಿ ತಿಂಗಳಲ್ಲಿ, ಮಯಾಮಿಯ ಜೋಡಿ ಆಟದ ಪಂದ್ಯದಿಂದ. ಅಲ್ಲಿ ಅವನಿಗೆ ಮ್ಯಾಕ್‌ಸ್ಪೇಡನ್ ಜೊತೆಗಾರ. ಅನಂತರ ಶಾರ್ಲಟ್, ಗ್ರೀನ್ಸ್‌ಬರೊ, ಡರಮ್, ಅಟ್ಲಾಂಟಾ. ಅಲ್ಲಿಂದ ಸುಮಾರು ಎರಡು ತಿಂಗಳ ವಿರಾಮ; ಆ ನಡುವೆ ಯೂರೋಪಿನಲ್ಲಿ ಯುದ್ಧ ಮುಗಿಯಿತು. ಜೂನಿನಲ್ಲಿ ಮಾಂಟ್ರಿಯಲ್ ಮತ್ತು ಫಿಲಡೆಲ್ಫಿಯ, ಆಮೇಲೆ ಷಿಕಾಗೊ, ಜುಲೈಯಲ್ಲಿ ಡೇಟನ್ ನಗರದ ಬಳಿ ವೃತ್ತಿ ಆಟಗಾರರ ಸಂಘದ ಮಹಾಪಂದ್ಯ, ತಿರುಗಿ ಷಿಕಾಗೊದಲ್ಲಿ ಟ್ಯಾಮ್ ಓ'ಷಾಂಟರ್, ಕೊನೆಗೆ ಆಗಸ್ಟ್ 4ರಂದು ಟೊರಾಂಟೊ ಬಳಿ ಮುಗಿದ ಕೆನಡಾ ಓಪನ್. ಹೀಗೆ ಹನ್ನೊಂದು.

ಈ ಹನ್ನೊಂದೂ ಸುಲಭವಾಗಿ ಬಂದುವೆಂದು ತಿಳಿಯಬಾರದು. ಶಾರ್ಲಟ್ಟಿನಲ್ಲಿ ನಾಲ್ಕು ಸುತ್ತುಗಳು ಮುಗಿದಾಗ ನೆಲ್ಸನ್ ಮತ್ತು ಸ್ನೀಡ್ ಸಮವಾಗಿದ್ದರು. ಹದಿನೆಂಟು ಕುಳಿಗಳ ಮರುಪಂದ್ಯವನ್ನಿಟ್ಟರೆ ಅದೂ ಸಮ. ಎರಡನೆಯ ಮರುಪಂದ್ಯದಲ್ಲಿ ಮಾತ್ರ ನೆಲ್ಸನ್ ಗೆದ್ದನು. ಡೇಟನ್ನಿನ ಪಂದ್ಯದ ಕ್ರಮವೇ ಬೇರೆ: ಅಲ್ಲಿ ಇಬ್ಬಿಬ್ಬರು ಎದುರುಬದುರಾಗಿ ಕುಳಿ ಕುಳಿಗೂ ಸ್ಪರ್ಧಿಸಬೇಕು, ಒಮ್ಮೆ ಸೋತರೆ ಮನೆಗೆ ಹೋಗಬೇಕು. ಎರಡನೆಯ ಸುತ್ತಿನಲ್ಲಿ ಮೈಕ್ ಟರ್ನೇಸಾ ಎಂಬವನು, ನಾಲ್ಕೇ ಕುಳಿಗಳು ಉಳಿದಿರುವಾಗ, ಎರಡು ಕುಳಿಗಳಿಂದ ಮುಂದಿದ್ದನು. ನೆಲ್ಸನ್ ಕೊನೆಗೆ ಒಂದು ಕುಳಿಯ ಅಂತರದಿಂದ ಉಳಿದುಕೊಂಡನು. ಆ ದಿನ ಟರ್ನೇಸಾನ ಒಂದು ಚೆಂಡು ಎರಡಂಗುಲ ಆಚೆ ಈಚೆ ಉರುಳಿದ್ದರೆ ಇಂದು ನಾವು ಹನ್ನೊಂದರ ಮಾತನ್ನೇ ಆಡುತ್ತಿರಲಿಲ್ಲ.

ಆಗಸ್ಟ್ 19ರಂದು ಮೆಂಫಿಸ್ ನಗರದಲ್ಲಿ ಫ್ರೆಡ್ ಹಾಸ್ ಎಂಬ ಹವ್ಯಾಸಿ ಆಟಗಾರನು ಗೆದ್ದು ಸರಣಿಯನ್ನು ಮುರಿದನು. ಆದರೂ ನೆಲ್ಸನ್ ನಿಲ್ಲಲಿಲ್ಲ. ನಾಕ್ಸ್‌ವಿಲ್, ಸ್ಪೋಕೇನ್, ಸಿಯಾಟಲ್ ನಗರಗಳಲ್ಲಿಯೂ, ಡಿಸೆಂಬರಿನಲ್ಲಿ ತಾನು ಹಿಂದೆ ಚೀಲ ಹೊತ್ತ ಗ್ಲೆನ್ ಗಾರ್ಡನ್ನಿನಲ್ಲಿಯೂ ಗೆದ್ದು ಹದಿನೆಂಟನ್ನು ಪೂರ್ಣ ಮಾಡಿದನು.

ಅದೃಷ್ಟದ ಪಾಲೆಷ್ಟು?

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ನೆಲ್ಸನ್ ಆ ವರ್ಷ ಆಡಿದ ಪಂದ್ಯಾವಳಿಗಳು, ಎಣಿಸುವವರ ಕ್ರಮಕ್ಕೆ ತಕ್ಕಂತೆ, ಮೂವತ್ತು ಅಥವಾ ಅದಕ್ಕಿಂತ ತುಸು ಹೆಚ್ಚು. ನಮ್ಮ ಲೆಕ್ಕಕ್ಕೆ ಮೂವತ್ತೆಂದೇ ಇಟ್ಟುಕೊಳ್ಳೋಣ. ಮೂವತ್ತು ಕಾಗದದ ಚೀಟಿಗಳನ್ನು ತೆಗೆದುಕೊಂಡು ಹದಿನೆಂಟರ ಮೇಲೆ “ಗೆಲುವು” ಎಂದೂ ಹನ್ನೆರಡರ ಮೇಲೆ “ಸೋಲು” ಎಂದೂ ಬರೆಯಿರಿ. ಚೆನ್ನಾಗಿ ಕಲಸಿ, ಒಂದೊಂದನ್ನಾಗಿ ತೆಗೆದು ಸಾಲಾಗಿ ಇಡಿರಿ. ಆ ಸಾಲಿನಲ್ಲಿ ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಗೆಲುವುಗಳು ಒತ್ತಾಗಿ ಬರುವುದು ಎಷ್ಟು ಬಾರಿಗೊಮ್ಮೆ?

ಸಂಯೋಜನೆಯ ಗಣಿತವನ್ನು ಕಲಿತ ಕಾಲೇಜು ವಿದ್ಯಾರ್ಥಿಗಳು ಇದನ್ನು ತಾವೇ ಮಾಡಬಹುದು. ಮೂವತ್ತು ಸ್ಥಾನಗಳಲ್ಲಿ ಹದಿನೆಂಟು ಗೆಲುವುಗಳನ್ನು ಜೋಡಿಸುವ ಬಗೆಗಳು ಒಟ್ಟು 8,64,93,225. ಹನ್ನೊಂದರ ಸಾಲು ಮೊದಲನೆಯ ಸ್ಥಾನದಿಂದಲೇ ಹೊರಟರೆ ಉಳಿದ ಹತ್ತೊಂಬತ್ತು ಸ್ಥಾನಗಳಲ್ಲಿ ಏಳು ಗೆಲುವುಗಳನ್ನು ಇಡಬೇಕು. ಇದಕ್ಕೆ 50,388 ಬಗೆಗಳು. ಸಾಲು ಎರಡನೆಯದರಿಂದ ಇಪ್ಪತ್ತನೆಯದರವರೆಗಿನ ಯಾವುದಾದರೊಂದು ಸ್ಥಾನದಿಂದ ಹೊರಟರೆ, ಅದರ ಹಿಂದಿನ ಸ್ಥಾನ ಸೋಲಾಗಿರಬೇಕು. ಮಿಕ್ಕ ಹದಿನೆಂಟರಲ್ಲಿ ಏಳನ್ನು ಇಡುವ ಬಗೆಗಳು 31,824. ಇಂಥ ಸ್ಥಾನಗಳು ಹತ್ತೊಂಬತ್ತಾದುದರಿಂದ 6,04,656. ಎರಡನ್ನೂ ಕೂಡಿದರೆ 6,55,044. ಇದರಿಂದ ಒಟ್ಟು ಬಗೆಗಳನ್ನು ಭಾಗಿಸಿದರೆ ಬರುವುದು 132.

ಎಂದರೆ, ಹದಿನೆಂಟು ಗೆಲುವುಗಳು ಹೇಗೂ ಕೈಯಲ್ಲಿದ್ದರೆ, ಅವು ಹೀಗೆ ಒಂದೆಡೆ ಒತ್ತಾಗಿ ಬರುವುದು 132ರಲ್ಲಿ ಒಂದು ಬಾರಿ. ಇದು ಅಪರೂಪವೇ ಹೊರತು ಪವಾಡವಲ್ಲ. ಗೆಲುವುಗಳು ಒಂದೆಡೆ ಕೂಡಿಬಂದುದರಲ್ಲಿ ಅದೃಷ್ಟದ ಪಾಲು ಖಂಡಿತವಾಗಿ ಇದೆ. ಟರ್ನೇಸಾನೊಡನೆ ನಡೆದ ಪಂದ್ಯವೇ ಅದಕ್ಕೆ ಸಾಕ್ಷಿ. ಆದರೆ ಆ ಹದಿನೆಂಟು ಗೆಲುವುಗಳು ಬಂದುದೆಲ್ಲಿಂದ? ಐದರಲ್ಲಿ ಒಂದು ಪಂದ್ಯಾವಳಿಯನ್ನು ಗೆಲ್ಲುವ ಆಟಗಾರನನ್ನೇ ಗಾಲ್ಫ್ ಲೋಕವು ಅಸಾಮಾನ್ಯನೆಂದು ಹೊಗಳುತ್ತದೆ. ಅಂಥವನು ಯಾವುದಾದರೂ ಹನ್ನೊಂದನ್ನು ಆರಿಸಿಕೊಂಡು ಹನ್ನೊಂದನ್ನೂ ಗೆಲ್ಲುವ ಸಂಭವ ಸುಮಾರು ನಾಲ್ಕು ಕೋಟಿ ಎಂಬತ್ತೆಂಟು ಲಕ್ಷದಲ್ಲಿ ಒಂದು. ನೆಲ್ಸನ್ನನ ಸರಣಿಯನ್ನು ಬರಿಯ ಅದೃಷ್ಟವೆಂದು ಹೇಳುವವರು ಈ ಸಂಖ್ಯೆಗೆ ಉತ್ತರ ಕೊಡಬೇಕಾಗುತ್ತದೆ.

ಹೊಡೆತಗಳ ಲೆಕ್ಕದಿಂದಲೂ ಇದನ್ನು ನೋಡಬಹುದು. ಒಬ್ಬ ವೃತ್ತಿ ಆಟಗಾರನ ಸುತ್ತಿನ ಎಣಿಕೆಯು ಅವನದೇ ಸರಾಸರಿಯ ಸುತ್ತ ಹರಡಿಕೊಂಡಿರುತ್ತದೆ. ಆ ಹರವಿನ ಅಳತೆ ಸುಮಾರು ಮೂರು ಹೊಡೆತ. ನಾಲ್ಕು ಸುತ್ತುಗಳನ್ನು ಕೂಡಿದಾಗ ಹರವು ನಾಲ್ಕು ಪಟ್ಟಾಗುವುದಿಲ್ಲ. ನಾಲ್ಕರ ವರ್ಗಮೂಲದಷ್ಟು, ಎಂದರೆ ಎರಡು ಪಟ್ಟು ಆಗಿ ಆರು ಹೊಡೆತವಾಗುತ್ತದೆ. ಅರವತ್ತು ಮಂದಿ ಸಮಾನ ಸಾಮರ್ಥ್ಯದವರು ಆಡಿದರೆ, ಅವರಲ್ಲಿ ಆ ವಾರ ಅತ್ಯಂತ ಅದೃಷ್ಟಶಾಲಿಯಾದವನು ತನ್ನ ಸರಾಸರಿಗಿಂತ ಹದಿಮೂರು ಹದಿನಾಲ್ಕು ಹೊಡೆತ ಕಡಮೆಯಲ್ಲಿ ಮುಗಿಸಿರುತ್ತಾನೆ. ಇವನನ್ನು ಬಗೆಬಗೆಯ ವಾರಗಳಲ್ಲಿ ಅರ್ಧಕ್ಕರ್ಧವಾದರೂ ಸೋಲಿಸಬೇಕಾದರೆ, ಪ್ರತಿ ಸುತ್ತಿನಲ್ಲಿಯೂ ಸಾಮಾನ್ಯ ಸ್ಪರ್ಧಿಗಿಂತ ಮೂರಕ್ಕೂ ಹೆಚ್ಚು ಹೊಡೆತ ಉತ್ತಮನಾಗಿರಬೇಕು. ಎಪ್ಪತ್ತರಲ್ಲಿ ಮೂರೂವರೆ ಎಂದರೆ ನೂರಕ್ಕೆ ಐದು. ನೋಡುವವರಿಗೆ ಈ ನೂರಕ್ಕೆ ಐದು ಕಣ್ಣಿಗೆ ಬೀಳುವಂಥದಲ್ಲ. ಆದರೆ ಸೋಲಿನ ಸಾಲಿನಲ್ಲಿ ನಿಲ್ಲುವವನಿಗೂ ಇತಿಹಾಸದಲ್ಲಿ ನಿಲ್ಲುವವನಿಗೂ ಇರುವ ಅಂತರ ಅಷ್ಟೇ.

ನಾಣ್ಯದಲ್ಲಿ ದೋಷವಿತ್ತೆ?

“ಶ್ರೇಷ್ಠ ಆಟಗಾರರೆಲ್ಲ ಯುದ್ಧಕ್ಕೆ ಹೋಗಿದ್ದರು, ಉಳಿದವರನ್ನು ಗೆಲ್ಲುವುದೇನು ಮಹಾ?” ಎಂಬ ಆಕ್ಷೇಪಣೆ ಹಳೆಯದು. ಇದನ್ನು ತಳ್ಳಿಹಾಕುವಂತಿಲ್ಲ. ಸೇನೆಯಲ್ಲಿದ್ದ ಅನೇಕರು ಆ ಋತುವಿನ ಮೊದಲ ಭಾಗದಲ್ಲಿ ಆಡಲಾಗಲಿಲ್ಲ. ಬಯಲುಗಳು ಇಂದಿನವುಗಳಿಗಿಂತ ಗಿಡ್ಡವಾಗಿದ್ದುವು. ಆರೈಕೆಯಿಲ್ಲದೆ ಹುಲ್ಲು ಕೆಟ್ಟಿದ್ದುದರಿಂದ ಕೆಲವು ಕಡೆ ಚೆಂಡನ್ನು ಕೈಯಿಂದ ಒಳ್ಳೆಯ ಜಾಗಕ್ಕೆ ಸರಿಸಿಕೊಳ್ಳಲು ಅನುಮತಿಯೂ ಇತ್ತು.

ಆದರೆ ಪರೀಕ್ಷೆ ಮಾಡಲು ಒಂದು ಉಪಾಯವಿದೆ. ಎದುರಾಳಿಗಳನ್ನು ಮರೆತು ಹೊಡೆತಗಳನ್ನು ಮಾತ್ರ ನೋಡಿದರೆ ಸರಿ. ಏಕೆಂದರೆ ಗಾಲ್ಫಿನಲ್ಲಿ ಎದುರಾಳಿಯು ನಮ್ಮ ಚೆಂಡನ್ನು ತಡೆಯಲಾರನು. ಆ ವರ್ಷದ ನೆಲ್ಸನ್ನನ ಸರಾಸರಿ ಸುತ್ತಿಗೆ 68.33 ಹೊಡೆತ. ಈ ಸರಾಸರಿಯನ್ನು ಮೀರಿಸಲು 2000ದಲ್ಲಿ ಟೈಗರ್ ವುಡ್ಸ್ ಬರಬೇಕಾಯಿತು. ಐವತ್ತೈದು ವರ್ಷ ಅದು ಅಲುಗಲಿಲ್ಲ. ಬಯಲುಗಳು ಸುಲಭವಾಗಿದ್ದುವೆಂದರೆ, ಅವೇ ಬಯಲುಗಳಲ್ಲಿ ಅವೇ ದಿನಗಳಲ್ಲಿ ಇತರರೂ ಆಡಿದರಷ್ಟೆ. ಸ್ನೀಡ್ 1944ರಲ್ಲಿಯೇ ನೌಕಾದಳದಿಂದ ಬಿಡುಗಡೆಯಾಗಿ, 1945ರಲ್ಲಿ ಆರು ಪಂದ್ಯಾವಳಿಗಳನ್ನು ಗೆದ್ದನು. ಪಾಪ, ಮ್ಯಾಕ್‌ಸ್ಪೇಡನ್ ಹದಿಮೂರು ಬಾರಿ ಎರಡನೆಯವನಾದನು!

ಹೋಗನ್ ಸೇನೆಯಿಂದ ಹಿಂದಿರುಗಿದ ಮೇಲೆ ನಡೆದ ಒಂದು ಘಟನೆ ಇನ್ನೂ ಸ್ವಾರಸ್ಯವಾದದ್ದು. ಆ ವರ್ಷದ ಶರತ್ಕಾಲದಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಹೋಗನ್ ನಾಲ್ಕು ಸುತ್ತುಗಳನ್ನು 261 ಹೊಡೆತಗಳಲ್ಲಿ ಮುಗಿಸಿ ಹೊಸ ದಾಖಲೆಯನ್ನು ಸ್ಥಾಪಿಸಿದನು. ಎರಡನೆಯವನಾದ ನೆಲ್ಸನ್ ಹದಿನಾಲ್ಕು ಹೊಡೆತ ಹಿಂದೆ ಬಿದ್ದನು. ಕೆಲವೇ ವಾರಗಳೊಳಗಾಗಿ ಸಿಯಾಟಲ್ ನಗರದಲ್ಲಿ ನೆಲ್ಸನ್ 62, 68, 63, 66 ಹೀಗೆ ಆಡಿ 259 ಹೊಡೆತಗಳಲ್ಲಿ ಮುಗಿಸಿದನು. ಆ ದಾಖಲೆ 1955ರವರೆಗೂ ನಿಂತಿತು. ದುರ್ಬಲರ ನಡುವೆ ಗೆದ್ದವನ ಲಕ್ಷಣ ಇದಲ್ಲ. ಇಷ್ಟಾದರೂ ಪೂರ್ಣ ಸತ್ಯವನ್ನು ಹೇಳಬೇಕಾದರೆ, ಎಲ್ಲರೂ ಹಿಂದಿರುಗಿದ 1946ರಲ್ಲಿ ನೆಲ್ಸನ್ ಗೆದ್ದದ್ದು ಆರು, ಹೋಗನ್ ಹದಿಮೂರು. ಆದುದರಿಂದ ಮೂರನೆಯವನ ಸಂಶಯದಲ್ಲಿ ಸ್ವಲ್ಪ ಹುರುಳಿದೆ. ಅದರಿಂದ ಎಲ್ಲವನ್ನೂ ವಿವರಿಸಲಾಗುವುದಿಲ್ಲ.

ಉಕ್ಕಿನ ಕೋಲು, ತಗ್ಗುಗಳ ಚೆಂಡು

ಹಾಗಾದರೆ ಉಳಿದದ್ದು ಕೈಚಳಕ. ಅದು ಎಂಥದು ಎಂಬುದನ್ನು ತಿಳಿಯಬೇಕಾದರೆ ಚೆಂಡಿಗೆ ದಾಂಡು ತಾಗುವ ಕ್ಷಣವನ್ನು ನೋಡಬೇಕು. ಚೆಂಡಿನ ತೂಕ 46 ಗ್ರಾಂಗಿಂತ ಹೆಚ್ಚಿರಬಾರದು, ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಮೆಯಿರಬಾರದು. ಅಮೆರಿಕಾದಲ್ಲಿ 1932ರಿಂದ ಇದೇ ನಿಯಮ. ಬಲವಾದ ಹೊಡೆತದಲ್ಲಿ ಚೆಂಡು ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಿಂದ ಹೊರಡುತ್ತದೆ. ದಾಂಡಿನ ತಲೆಗೂ ಚೆಂಡಿಗೂ ಸಂಪರ್ಕವಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ನ್ಯೂಟನ್ನನ ನಿಯಮದಿಂದ ಲೆಕ್ಕ ಮಾಡಿದರೆ ಆ ಕ್ಷಣದಲ್ಲಿ ಚೆಂಡಿನ ಮೇಲೆ ಬೀಳುವ ಸರಾಸರಿ ಬಲ ಸುಮಾರು 6,400 ನ್ಯೂಟನ್, ಎಂದರೆ 650 ಕಿಲೋಗ್ರಾಂ ತೂಕದಷ್ಟು! ಚೆಂಡು ಚಪ್ಪಟೆಯಾಗಿ, ಮತ್ತೆ ಹಿಗ್ಗಿ ಹಾರಿಹೋಗುತ್ತದೆ. ತಾಗಿದ ಅನುಭವವು ನರಗಳ ಮೂಲಕ ಮಿದುಳನ್ನು ಮುಟ್ಟುವ ಮೊದಲೇ ಎಲ್ಲವೂ ಮುಗಿದಿರುತ್ತದೆ.

ಇದರ ಅರ್ಥವೇನು? ತಾಗುವ ಕ್ಷಣದಲ್ಲಿ ಆಟಗಾರನು ಏನನ್ನೂ ತಿದ್ದಿಕೊಳ್ಳಲಾರನು. ದಾಂಡಿನ ಮುಖವು ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ 230 ಮೀಟರ್ ದೂರದಲ್ಲಿ ಚೆಂಡು ನಾಲ್ಕು ಮೀಟರ್ ಬದಿಗೆ ಬೀಳುತ್ತದೆ. ಅಡ್ಡ ತಿರುಗಣೆಯೂ ಸೇರಿಕೊಂಡರೆ ಇನ್ನೂ ಹೆಚ್ಚು. ಆದುದರಿಂದ ಗಾಲ್ಫ್ ಕುಶಲತೆಯೆಂದರೆ ಒಂದೇ ಬೀಸನ್ನು ಸಾವಿರ ಸಲ ಒಂದೇ ರೀತಿಯಾಗಿ ಬೀಸುವ ಶಕ್ತಿ.

ಹಳೆಯ ದಾಂಡುಗಳ ಕೋಲು ಹಿಕರಿ ಎಂಬ ಮರದ್ದು. ಬೀಸಿದಾಗ ಅದು ಬಾಗುವುದಲ್ಲದೆ ಹಗ್ಗದಂತೆ ಹೊಸೆದುಕೊಳ್ಳುತ್ತಿತ್ತು. ಆ ಹೊಸೆತವನ್ನು ಸರಿದೂಗಿಸಲು ಆಟಗಾರರು ಮಣಿಕಟ್ಟುಗಳನ್ನು ಹೊರಳಿಸುತ್ತಿದ್ದರು. 1920ರ ದಶಕದಲ್ಲಿ ಅಮೆರಿಕಾದಲ್ಲಿ ಉಕ್ಕಿನ ಕೊಳವೆಯ ಕೋಲಿಗೆ ಅನುಮತಿ ದೊರೆಯಿತು. ಉಕ್ಕು ಹಾಗೆ ಹೊಸೆದುಕೊಳ್ಳುವುದಿಲ್ಲ. ಆದರೂ ಬಹಳ ಮಂದಿ ಹೊಸ ದಾಂಡನ್ನು ಹಳೆಯ ರೀತಿಯಲ್ಲಿಯೇ ಬೀಸುತ್ತಿದ್ದರು. ಸಾಧನ ಬದಲಾದ ಮೇಲೆ ಕ್ರಮವೂ ಬದಲಾಗಬೇಕೆಂದು ಮೊದಲು ಕಂಡುಕೊಂಡವರಲ್ಲಿ ನೆಲ್ಸನ್ ಒಬ್ಬನು. ಅವನು ಮಣಿಕಟ್ಟಿನ ಹೊರಳಾಟವನ್ನು ಕಡಮೆಮಾಡಿ, ಎಡಗೈಯನ್ನು ನೇರವಾಗಿಟ್ಟು, ಕಾಲು ಮತ್ತು ಸೊಂಟದ ಬಲದಿಂದ ಬೀಸತೊಡಗಿದನು. ಇದರಿಂದ ದಾಂಡಿನ ಮುಖವು ಚೆಂಡಿನ ಬಳಿ ಹೆಚ್ಚು ದೂರದವರೆಗೆ ನೇರವಾಗಿ ಉಳಿಯುತ್ತಿತ್ತು. ಇಂದಿನ ಬೀಸಿನ ಕ್ರಮಕ್ಕೆ ಅವನನ್ನು ಮೂಲಪುರುಷನೆಂದು ಹೇಳುವುದು ಇದಕ್ಕಾಗಿಯೇ.

ಚೆಂಡಿನ ಮೈಮೇಲಿರುವ ತಗ್ಗುಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಾಪರ್ಚಾ ಎಂಬ ಮರದ ಅಂಟಿನಿಂದ ನುಣುಪಾದ ಚೆಂಡುಗಳನ್ನು ಮಾಡುತ್ತಿದ್ದರು. ಹೊಸ ಚೆಂಡಿಗಿಂತ ಏಟು ತಿಂದು ಗೀರುಬಿದ್ದ ಹಳೆಯ ಚೆಂಡೇ ಚೆನ್ನಾಗಿ ಹಾರುವುದೆಂದು ಆಟಗಾರರು ಕಂಡುಕೊಂಡರು. ಕಾರಣವಿಷ್ಟೆ: ನುಣುಪಾದ ಚೆಂಡಿನ ಮೈಯನ್ನು ಸವರಿಕೊಂಡು ಹೋಗುವ ಗಾಳಿಯ ಪದರವು ಬೇಗನೆ ಕಳಚಿಕೊಂಡು ಹಿಂದೆ ಅಗಲವಾದ ಸುಳಿಗಳ ಪ್ರದೇಶವನ್ನು ಬಿಡುತ್ತದೆ, ಅದು ಚೆಂಡನ್ನು ಹಿಂದಕ್ಕೆ ಎಳೆಯುತ್ತದೆ. ತಗ್ಗುಗಳು ಆ ಪದರವನ್ನು ಕಲಕಿ, ಅದು ಇನ್ನೂ ಸ್ವಲ್ಪ ಹೊತ್ತು ಮೈಗೆ ಅಂಟಿಕೊಂಡಿರುವಂತೆ ಮಾಡುತ್ತವೆ. ಎಳೆತವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಇನ್ನು, ಹೊಡೆತದಿಂದ ಚೆಂಡು ಹಿಮ್ಮುಖವಾಗಿ ತಿರುಗುವುದರಿಂದ ಗಾಳಿಯು ಅದನ್ನು ಮೇಲಕ್ಕೆತ್ತುತ್ತದೆ ಎಂಬುದನ್ನು ಎಡಿನ್‌ಬರೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪಿ. ಜಿ. ಟೇಟ್ 1890ರ ದಶಕದಲ್ಲಿ ತೋರಿಸಿಕೊಟ್ಟನು. ಅವನ ಮಗ ಫ್ರೆಡ್ಡಿ ಟೇಟ್ ಬ್ರಿಟನ್ನಿನ ಹವ್ಯಾಸಿ ಆಟಗಾರರ ಪಂದ್ಯಾವಳಿಯನ್ನು ಎರಡು ಬಾರಿ ಗೆದ್ದ ಪ್ರಸಿದ್ಧನು.

ಟಿಪ್ಪಣಿಯ ಪುಸ್ತಕ

ಇಷ್ಟೆಲ್ಲ 1945ಕ್ಕೆ ಮೊದಲೇ ನೆಲ್ಸನ್ನನಿಗೆ ದೊರೆತಿತ್ತು. ಆ ವರ್ಷ ಮಾತ್ರ ಅವನು ಎಲ್ಲರಿಗಿಂತ ಅಷ್ಟು ಮುಂದೆ ಹೋದುದೇಕೆ? ಉತ್ತರ ಒಂದು ಸಣ್ಣ ಪುಸ್ತಕದಲ್ಲಿದೆ. 1944ರಲ್ಲಿಯೂ ಅವನು ಅನೇಕ ಪಂದ್ಯಾವಳಿಗಳನ್ನು ಗೆದ್ದಿದ್ದನು. ಬೇರೊಬ್ಬನಾಗಿದ್ದರೆ ಅಷ್ಟಕ್ಕೆ ತೃಪ್ತನಾಗುತ್ತಿದ್ದನು. ನೆಲ್ಸನ್ ಪ್ರತಿಯೊಂದು ಸುತ್ತನ್ನೂ ಕುರಿತು ಟಿಪ್ಪಣಿಗಳನ್ನು ಬರೆದಿಟ್ಟಿದ್ದನು. ವರ್ಷದ ಕೊನೆಯಲ್ಲಿ ಅವನ್ನು ಮೊದಲಿನಿಂದ ಕೊನೆಯವರೆಗೆ ಓದಿದಾಗ ಎರಡು ಮಾತುಗಳು ಮತ್ತೆ ಮತ್ತೆ ಕಂಡುಬಂದುವು. ಒಂದು, ಕುಳಿಯ ಬಳಿಯ ಸಣ್ಣ ಎತ್ತುಹೊಡೆತಗಳು ಚೆನ್ನಾಗಿರಲಿಲ್ಲವೆಂಬುದು. ಇನ್ನೊಂದು, ಅಲಕ್ಷ್ಯದಿಂದ ಆಡಿದ ಹೊಡೆತಗಳೆಂಬುದು. ಬೀಸಿನಲ್ಲಿ ತಪ್ಪಿರಲಿಲ್ಲ, ತಪ್ಪು ಇದ್ದುದು ಗಮನದಲ್ಲಿ. ಮುಂದಿನ ವರ್ಷ ಸಣ್ಣ ಹೊಡೆತಗಳನ್ನು ಅಭ್ಯಾಸ ಮಾಡುವುದೆಂದೂ, ಒಂದು ಹೊಡೆತವನ್ನೂ ಅಲಕ್ಷ್ಯದಿಂದ ಆಡಬಾರದೆಂದೂ ಅವನು ನಿಶ್ಚಯಿಸಿದನು. ನಾವು ಮೇಲೆ ಮಾಡಿದ ಲೆಕ್ಕವನ್ನು ನೆನೆಯಿರಿ: ಸುತ್ತಿಗೆ ಒಂದೇ ಹೊಡೆತ ಉಳಿಸಿದರೂ ಪಂದ್ಯಾವಳಿಗೆ ನಾಲ್ಕಾಗುತ್ತದೆ. ಸೋಲನ್ನು ಗೆಲುವಾಗಿಸಲು ಎಷ್ಟೋ ಬಾರಿ ಅಷ್ಟು ಸಾಕು.

ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಮಾಡುವುದೂ ಇದನ್ನೇ ಅಲ್ಲವೆ? ನಡೆದುದನ್ನು ನಡೆದಂತೆ ಬರೆದಿಡುವುದು. ಬರೆದಿಟ್ಟುದನ್ನು ಮಮತೆಯಿಲ್ಲದೆ ಓದುವುದು. ದೊಡ್ಡ ದೋಷವೆಲ್ಲಿದೆಯೋ ಅಲ್ಲಿಯೇ ಕೈಹಾಕುವುದು.

ಗೆಲುವಿನ ಬೆಲೆ

ಈ ಗೆಲುವುಗಳ ಹಿಂದೆ ನೆಲ್ಸನ್ನನಿಗೆ ಇನ್ನೊಂದು ಗುರಿಯಿತ್ತು. ಅವನಿಗೆ ಹೊಲವೂ ದನಗಳೂ ಬೇಕಾಗಿದ್ದುವು. ಒಂದೊಂದು ಬಹುಮಾನವೂ ಅವನ ಕಣ್ಣಿಗೆ ಇನ್ನೊಂದು ಹಸುವಾಗಿ, ಇನ್ನೊಂದು ಎಕರೆ ನೆಲವಾಗಿ ಕಾಣುತ್ತಿತ್ತು. ಆ ನಡುವೆ ಪ್ರತಿ ವಾರವೂ ಗೆಲ್ಲಲೇಬೇಕೆಂಬ ಜನರ ನಿರೀಕ್ಷೆ ಅವನನ್ನು ಒಳಗಿಂದ ಕೊರೆಯಿತು. ಅವನಿಗೆ ಅನ್ನ ಜೀರ್ಣವಾಗುತ್ತಿರಲಿಲ್ಲ; ನರಗಳು ಸೋತಿದ್ದುವು. 1946ರ ರಾಷ್ಟ್ರೀಯ ಓಪನ್ನಿನಲ್ಲಿ ಅವನ ಕ್ಯಾಡಿಯ ಕಾಲು ಅಕಸ್ಮಾತ್ತಾಗಿ ಚೆಂಡಿಗೆ ತಾಗಿ, ಒಂದು ಹೊಡೆತ ದಂಡವಾಯಿತು. ಆ ಒಂದು ಹೊಡೆತವಿಲ್ಲದಿದ್ದರೆ ನಾಲ್ಕು ಸುತ್ತುಗಳಿಗೇ ಗೆಲುವು ಅವನದಾಗುತ್ತಿತ್ತು, ಮರುಪಂದ್ಯದಲ್ಲಿ ಸೋತನು. ಹಿಂದಿನ ವರ್ಷ ಟರ್ನೇಸಾನೊಡನೆ ಒಲಿದ ಅದೃಷ್ಟ ಈಗ ಲೆಕ್ಕವನ್ನು ಸರಿಮಾಡಿಕೊಂಡಿತೆನ್ನಬಹುದು. ಅದೇ ವರ್ಷ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ನಿಯತವಾದ ಆಟವನ್ನು ಬಿಟ್ಟು ಟೆಕ್ಸಾಸಿನ ರೋನೋಕ್ ಎಂಬ ಊರಿನ ಬಳಿ ಕೊಂಡ ಹೊಲಕ್ಕೆ ಹೋಗಿ ನೆಲೆಸಿದನು. ಆಮೇಲೆ ಅಪರೂಪವಾಗಿ ಆಡುತ್ತಿದ್ದನು. 1955ರಲ್ಲಿ ಫ್ರಾನ್ಸಿನ ಓಪನ್ ಪಂದ್ಯಾವಳಿಯನ್ನು ಗೆದ್ದನು. 2006ರ ಸೆಪ್ಟೆಂಬರ್ 26ರಂದು ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನ ಬೀಸು ಮಾತ್ರ ಆಟದ ಬಯಲಿನಲ್ಲಿ ಉಳಿಯಿತು. 1960ರ ದಶಕದಲ್ಲಿ ದಾಂಡಿನ ಕೋಲುಗಳನ್ನು ತಯಾರಿಸುವ ಟ್ರೂ ಟೆಂಪರ್ ಎಂಬ ಸಂಸ್ಥೆಯು ಮನುಷ್ಯನಂತೆ ದಾಂಡನ್ನು ಬೀಸುವ ಒಂದು ಯಂತ್ರವನ್ನು ನಿರ್ಮಿಸಲು ಹೊರಟಿತು. ಎಂಜಿನಿಯರುಗಳಿಗೆ ಬೇಕಾಗಿದ್ದುದು ಅತ್ಯಂತ ಬಲವಾದ ಬೀಸಲ್ಲ, ಪ್ರತಿ ಬಾರಿಯೂ ಒಂದೇ ತೆರನಾದ ಬೀಸು. ಅದಕ್ಕೆ ಅವರು ಆರಿಸಿಕೊಂಡ ಮಾದರಿ ನೆಲ್ಸನ್ನನದು. ಯಂತ್ರಕ್ಕೆ “ಐರನ್ ಬೈರನ್”, ಎಂದರೆ ಕಬ್ಬಿಣದ ಬೈರನ್, ಎಂಬ ಹೆಸರಾಯಿತು. ಮುಂದೆ ಅಮೆರಿಕಾದ ಗಾಲ್ಫ್ ಸಂಘವು ಚೆಂಡುಗಳು ನಿಯಮವನ್ನು ಮೀರಿ ಹಾರುತ್ತವೆಯೇ ಎಂದು ಪರೀಕ್ಷಿಸಲು ಇದೇ ಬಗೆಯ ಯಂತ್ರವನ್ನು ಬಳಸಿತು.

ನಮ್ಮ ಮೂವರು ನೋಟಕರ ಬಳಿಗೆ ಹಿಂದಿರುಗೋಣ. ಅದೃಷ್ಟವೆಂದವನು ಸ್ವಲ್ಪ ಸರಿ: ಹದಿನೆಂಟರಲ್ಲಿ ಹನ್ನೊಂದು ಒಂದೆಡೆ ಸೇರಿದ್ದು ಅದೃಷ್ಟದ ಕೊಡುಗೆ. ನಾಣ್ಯವನ್ನು ತಿರುಗಿಸಿ ನೋಡಿದವನೂ ಸ್ವಲ್ಪ ಸರಿ: ಯುದ್ಧವು ಸ್ಪರ್ಧೆಯನ್ನು ಒಂದಿಷ್ಟು ಸಡಿಲಗೊಳಿಸಿತ್ತು. ಆದರೆ ಹೆಚ್ಚು ಸರಿಯಾದವನು ಕೈಚಳಕವೆಂದವನು. ಅವನೂ ತನ್ನ ಮಾತಿಗೆ ಒಂದು ತಿದ್ದುಪಡಿಯನ್ನು ಮಾಡಿಕೊಳ್ಳಬೇಕು. ಆ ಕೈಚಳಕವು ಹುಟ್ಟಿನಿಂದ ಬಂದ ವರವಲ್ಲ. ಹೊಸ ಸಾಧನವನ್ನು ಅರಿತು, ತನ್ನ ತಪ್ಪುಗಳನ್ನು ತಾನೇ ಬರೆದಿಟ್ಟು, ಅವುಗಳಲ್ಲಿ ಎರಡನ್ನು ತಿದ್ದಿಕೊಂಡು ಗಳಿಸಿದ ನೂರಕ್ಕೆ ಐದರಷ್ಟು ಮೇಲ್ಮೆ ಅದು. ನಮ್ಮ ವಿದ್ಯಾರ್ಥಿಗಳು ಮೂವತ್ತು ಚೀಟಿಗಳ ಪ್ರಯೋಗವನ್ನು ಬಿಡುವಿನ ಒಂದು ಸಂಜೆ ಮಾಡಿನೋಡಲಿ. ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಹಿಂದಿರುಗಿದ ದಿನ ನೆಲ್ಸನ್ನನ ಪುಸ್ತಕವನ್ನೂ ಒಮ್ಮೆ ನೆನೆಯಲಿ.